ಬಂಡಬರ್ಗಿನ ಕೆಂಪು ಮಣ್ಣಿನಲ್ಲಿ

ಕಾಸರಗೋಡಿನ ಸೀಮೆಯಲ್ಲಿ ಕಡಲು ದಾಟಿದವರೊಬ್ಬರೂ ಇಲ್ಲದ ಕುಟುಂಬ ಅಪರೂಪವೆಂದೇ ಹೇಳಬೇಕು. ಅಡಕೆತೋಟದ ಅಂಚಿನ ಹೊಸ ಮನೆ, ಮಸೀದಿಯ ಮಗ್ಗುಲಿನ ಶಾಲೆ, ಪೇಟೆಯ ಚಿನ್ನದಂಗಡಿ, ಇವುಗಳಲ್ಲಿ ಎಷ್ಟೋ ಕೊಲ್ಲಿ ರಾಷ್ಟ್ರಗಳ ದುಡಿಮೆಯಿಂದ ಎದ್ದು ನಿಂತವು. ಆದುದರಿಂದ 'ವೀಸಾ' ಎಂಬ ಶಬ್ದ ನಮ್ಮಲ್ಲಿ ಹಳ್ಳಿಯ ಅಜ್ಜಿಯಂದಿರಿಗೂ ಪರಿಚಿತ. ಆದರೆ ಅದರ ಅರ್ಥ ಮಾತ್ರ ನಮ್ಮಲ್ಲಿ ಸ್ವಲ್ಪ ಬೇರೆಯಾಗಿಯೇ ಬೆಳೆದುಬಂದಿದೆ. ಯಾರಾದರೂ ಹೊರಟರೆಂದು ತಿಳಿದರೆ ನಾವು ಮೊದಲು ಕೇಳುವುದು, "ಯಾರ ವೀಸಾ?" ಎಂದು. ಕಾರಣವಿಲ್ಲದೆ ಈ ಪ್ರಶ್ನೆ ಹುಟ್ಟಲಿಲ್ಲ. ದಶಕಗಳ ಕಾಲ ಕೊಲ್ಲಿಯ ನಾಡುಗಳಲ್ಲಿ ಕೆಲಸಗಾರನ ವಾಸದ ಅನುಮತಿ ಒಬ್ಬ ಪ್ರಾಯೋಜಕನ ಹೆಸರಿಗೆ ಕಟ್ಟುಬಿದ್ದಿತ್ತು. ಕಫಾಲವೆಂದು ಕರೆಯಲಾಗುವ ಈ ಪದ್ಧತಿಯಲ್ಲಿ ಒಡೆಯನ ಒಪ್ಪಿಗೆಯಿಲ್ಲದೆ ಕೆಲಸ ಬದಲಿಸುವುದು ದುಸ್ಸಾಧ್ಯವಾಗಿತ್ತು. ಕತಾರ್ 2020ರಲ್ಲಿಯೂ ಸೌದಿ ಅರೇಬಿಯ 2021ರಲ್ಲಿಯೂ ಈ ಕಟ್ಟನ್ನು ಸಡಿಲಿಸಿದವು. ಆದರೆ ಮನಸ್ಸಿನಲ್ಲಿ ಬೇರುಬಿಟ್ಟ ಅರ್ಥ ಕಾಯಿದೆಯೊಡನೆ ಬದಲಾಗುವುದಿಲ್ಲ.

2024ರ ಮಳೆಗಾಲ ಮುಗಿಯುತ್ತಿದ್ದ ಹೊತ್ತಿಗೆ, ಮಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ನಮ್ಮ ಮಗಳು ಮುಳ್ಳೇರಿಯದ ಮನೆಗೆ ಬಂದವಳು, ಒಂದು ವರ್ಷ ಆಸ್ಟ್ರೇಲಿಯಕ್ಕೆ ಹೋಗಿ ದುಡಿಯುತ್ತ ತಿರುಗಾಡಿ ಬರುವ ಯೋಚನೆಯಿದೆಯೆಂದು ಊಟದ ನಡುವೆ ತಿಳಿಸಿದಳು. ನಮ್ಮ ಬಾಯಿಂದ ಹೊರಟ ಮೊದಲ ಮಾತು ಅದೇ: "ಯಾರ ವೀಸಾ?"

"ಯಾರದೂ ಅಲ್ಲ ಅಪ್ಪಾ, ನನ್ನದೇ."

ಈ ಉತ್ತರದ ಪೂರ್ಣ ಅರ್ಥ ನಮಗಾಗಲು ಒಂದು ವರ್ಷವೇ ಬೇಕಾಯಿತು. ಮಕ್ಕಳನ್ನು ಹೀಗೆ ಕಳುಹಿಸಲು ಅನುವಾಗುತ್ತಿರುವ ಗಡಿನಾಡಿನ ಬಂಧುಗಳಿಗೆ ಉಪಯೋಗವಾಗಬಹುದೆಂದು, ಆ ವರ್ಷದ ಅನುಭವವನ್ನೂ ಅದರ ಕೊನೆಯಲ್ಲಿ ನಾವು ದಂಪತಿಗಳು ಕೈಗೊಂಡ ಪ್ರವಾಸದ ನೆನಪನ್ನೂ ಇಲ್ಲಿ ಒಟ್ಟುಗೂಡಿಸಿದ್ದೇವೆ.

ಮೊದಲು ಆ ವೀಸಾದ ಸ್ವರೂಪವನ್ನು ಹೇಳಬೇಕು. ಭಾರತಕ್ಕೂ ಆಸ್ಟ್ರೇಲಿಯಕ್ಕೂ 2022ರಲ್ಲಿ ಆದ ವಾಣಿಜ್ಯ ಒಪ್ಪಂದದ ಫಲವಾಗಿ, 'ವರ್ಕ್ ಅಂಡ್ ಹಾಲಿಡೇ' ಎಂಬ, 462ನೆಯ ವರ್ಗದ ವೀಸಾ 2024ರಿಂದ ಭಾರತೀಯರಿಗೂ ದೊರೆಯತೊಡಗಿತು. ವರ್ಷಕ್ಕೆ ಸಾವಿರ ಮಂದಿಗೆ ಮಾತ್ರ ಅವಕಾಶ. ವಯಸ್ಸು 18ರಿಂದ 30ರೊಳಗಿರಬೇಕು. ಪ್ರೌಢಶಿಕ್ಷಣದ ಮೇಲೆ ಎರಡು ವರ್ಷಗಳಷ್ಟಾದರೂ ಓದಿರಬೇಕು, ವ್ಯವಹಾರಕ್ಕೆ ಸಾಲುವಷ್ಟು ಇಂಗ್ಲಿಷು ಬರಬೇಕು. ಹನ್ನೆರಡು ತಿಂಗಳು ಅಲ್ಲಿರಬಹುದು, ದುಡಿಯಬಹುದು, ನಾಲ್ಕು ತಿಂಗಳವರೆಗೆ ಏನನ್ನಾದರೂ ಕಲಿಯಲೂಬಹುದು. ಯಾವ ಒಡೆಯನ ಹೆಸರೂ ಅದರಲ್ಲಿಲ್ಲ. ಅಷ್ಟೇ ಅಲ್ಲ, ಸಾಮಾನ್ಯವಾಗಿ ಒಬ್ಬನೇ ಒಡೆಯನ ಬಳಿ ಆರು ತಿಂಗಳಿಗಿಂತ ಹೆಚ್ಚು ಕಾಲ ನಿಲ್ಲಕೂಡದೆಂದು ನಿಯಮವೇ ಇದೆ. ಕೆಲಸಗಾರನು ಒಂದೆಡೆ ಕಟ್ಟುಬೀಳದೆ ದೇಶವನ್ನು ನೋಡಲಿ ಎಂಬುದು ಇದರ ಹಿಂದಿನ ಆಶಯ.

ಅರ್ಜಿದಾರರು ಹೆಚ್ಚಾದುದರಿಂದ ಚೀಟಿ ಎತ್ತಿ ಆರಿಸುವ ಕ್ರಮವನ್ನು ಇಟ್ಟಿದ್ದಾರೆ. 2024ರ ಅಕ್ಟೋಬರಿನಲ್ಲಿ ನಡೆದ ಮೊದಲ ನೋಂದಣಿಗೆ ಶುಲ್ಕ 25 ಆಸ್ಟ್ರೇಲಿಯನ್ ಡಾಲರು. ಮೊದಲ ಎರಡು ವಾರಗಳಲ್ಲಿಯೇ ನಲವತ್ತು ಸಾವಿರದಷ್ಟು ಮಂದಿ ಹೆಸರು ಕೊಟ್ಟರೆಂದ ಮೇಲೆ ಅದೃಷ್ಟದ ಪಾಲು ಎಷ್ಟೆಂಬುದನ್ನು ಊಹಿಸಬಹುದು. ಹೆಸರು ಬಂದವರು 28 ದಿನಗಳೊಳಗೆ ಮುಖ್ಯ ಅರ್ಜಿ ಸಲ್ಲಿಸಬೇಕು. ಅದಕ್ಕೆ ಆ ವರ್ಷ ತೆರಬೇಕಾಗಿದ್ದ ಶುಲ್ಕ 650 ಡಾಲರು. ಇಂಥ ಅಂಕಿಗಳು ವರ್ಷದಿಂದ ವರ್ಷಕ್ಕೆ ವ್ಯತ್ಯಾಸವಾಗುವುವಾದುದರಿಂದ ಆಸ್ಟ್ರೇಲಿಯ ಸರಕಾರದ ಗೃಹಖಾತೆಯ ಪ್ರಕಟಣೆಯನ್ನೇ ನೋಡತಕ್ಕದ್ದು. ಈ ನಡುವೆ, ಎರಡು ಲಕ್ಷ ರೂಪಾಯಿ ಕೊಟ್ಟರೆ ಚೀಟಿಯಲ್ಲಿ ಹೆಸರು ಬರುವಂತೆ ಮಾಡುವೆನೆಂದು ಹೇಳಿಕೊಂಡ ದಲ್ಲಾಳಿಯೊಬ್ಬನೂ ನಮ್ಮ ಅಂಗಳಕ್ಕೆ ಬಂದುಹೋದ. ಚೀಟಿಯನ್ನು ಎತ್ತುವುದು ಗಣಕಯಂತ್ರ. ಅದರ ಕೈಯನ್ನು ಹಿಡಿದು ನಡೆಸಬಲ್ಲ ದಲ್ಲಾಳಿ ಲೋಕದಲ್ಲಿಲ್ಲ. ಆತನಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಕಳುಹಿಸಿದೆವು.

ಗಡಿನಾಡಿನ ನಮಗೆ ಇನ್ನೊಂದು ತೊಡಕಿದೆ, ಅದು ಹೆಸರಿನದು. ಕನ್ನಡ ಶಾಲೆಯ ದಾಖಲೆಯಲ್ಲಿ ಒಂದು ಬಗೆ, ಪಂಚಾಯತಿನ ಮಲಯಾಳ ಬರವಣಿಗೆಯಲ್ಲಿ ಒಂದು ಬಗೆ, ಅದನ್ನು ಇಂಗ್ಲಿಷಿಗೆ ತಂದಾಗ ಮತ್ತೊಂದು ಬಗೆ. ಒಂದರಲ್ಲಿ ತಂದೆಯ ಹೆಸರಿನ ಮೊದಲಕ್ಷರ ಮುಂದಿದ್ದರೆ ಇನ್ನೊಂದರಲ್ಲಿ ಮನೆಯ ಹೆಸರು ಹಿಂದಿರುತ್ತದೆ. ಚೀಟಿಯ ನೋಂದಣಿಗೆ ಪಾಸ್‌ಪೋರ್ಟೂ ಪಾನ್ ಕಾರ್ಡೂ ಬೇಕು. ಮಗಳ ಪಾನ್ ಕಾರ್ಡಿನಲ್ಲಿ ಒಂದು ಅಕ್ಷರ ಹೆಚ್ಚಾಗಿತ್ತು. ಅದನ್ನು ತಿದ್ದಿಸಲು ಸೆಪ್ಟೆಂಬರಿನ ಮೂರು ವಾರಗಳು ಕಳೆದುವು. ಹೆಸರು ಬಂದ ಮೇಲೆ ತಿದ್ದಲು ಹೊರಟಿದ್ದರೆ ಆ 28 ದಿನಗಳು ಅದರಲ್ಲಿಯೇ ತೀರಿಹೋಗುತ್ತಿದ್ದುವು. ಹೊರಡುವ ಆಸೆಯಿರುವ ಮಕ್ಕಳು ಚೀಟಿಯ ದಿನಕ್ಕೆ ಕಾಯದೆ ಇಂದೇ ತಮ್ಮ ಎಲ್ಲ ಕಾಗದಗಳನ್ನೂ ಒಂದೇ ಮೇಜಿನ ಮೇಲೆ ಹರಡಿ ಹೆಸರನ್ನು ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡಲಿ.

ಅದೃಷ್ಟವಿತ್ತು, ಹೆಸರು ಬಂತು. ಮನೆಯಲ್ಲಿ ಆಕ್ಷೇಪಗಳೂ ಬಂದುವು. ಕಣ್ಣೂರು ವಿಶ್ವವಿದ್ಯಾಲಯದ ಪದವಿ ಪಡೆದವಳು ಅನ್ಯದೇಶದಲ್ಲಿ ಗೆಣಸು ಅಗೆಯುವುದೇ ಎಂದು ದೊಡ್ಡಪ್ಪನವರು ಕೇಳಿದರು. ಒಬ್ಬಳೇ ಹೆಣ್ಣುಮಗಳು ಎಂದು ಚಿಕ್ಕಮ್ಮಂದಿರು ಕಣ್ಣೊರಸಿಕೊಂಡರು. ಎಲ್ಲರ ಮಾತೂ ಮುಗಿದ ಮೇಲೆ, ತೊಂಬತ್ತರ ಹತ್ತಿರದ ನಮ್ಮ ತಾಯಿ ಒಂದೇ ಒಂದು ಪ್ರಶ್ನೆ ಕೇಳಿದರು: "ಬರುವ ಖರ್ಚು ಕೊಟ್ಟಿದ್ದೀರಾ?"

ಅವರು ಮದುವೆಯಾಗಿ ಈ ಮನೆಗೆ ಬಂದಾಗ, ಅವರ ತಾಯಿ ಸೆರಗಿನ ತುದಿಯಲ್ಲಿ ಒಂದಿಷ್ಟು ಚಿಲ್ಲರೆಯನ್ನು ಗಂಟುಹಾಕಿ ಕೊಟ್ಟಿದ್ದರಂತೆ. ತವರಿಗೆ ಮರಳುವ ಬಸ್ಸಿನ ಹಣ. ಅದನ್ನು ಬೇರಾವುದಕ್ಕೂ ಬಿಚ್ಚಕೂಡದೆಂದು ಕಟ್ಟಪ್ಪಣೆ. "ಹೋಗುವ ಖರ್ಚನ್ನು ಯಾರು ಬೇಕಾದರೂ ಕೊಡುತ್ತಾರೆ. ಬರುವ ಖರ್ಚು ಅವಳ ಕೈಯಲ್ಲೇ ಇರಬೇಕು," ಎಂದರು. ವಿಚಿತ್ರವೆಂದರೆ ಆಸ್ಟ್ರೇಲಿಯ ಸರಕಾರದ ಅಭಿಪ್ರಾಯವೂ ಹೆಚ್ಚುಕಡಿಮೆ ಅದೇ. ಆರಂಭದ ಜೀವನೋಪಾಯಕ್ಕೆ ಸುಮಾರು 5,000 ಡಾಲರು, ಅದಲ್ಲದೆ ಹಿಂದಿರುಗುವ ವಿಮಾನದ ಹಣ, ಇಷ್ಟು ಸ್ವಂತದ್ದಾಗಿ ಇದೆಯೆಂಬುದನ್ನು ಅರ್ಜಿಯೊಡನೆ ತೋರಿಸಬೇಕಾಗುತ್ತದೆ. ಆಗಿನ ವಿನಿಮಯದಲ್ಲಿ ಐದು ಸಾವಿರವೆಂದರೆ ಎರಡೂಮುಕ್ಕಾಲು ಲಕ್ಷ ರೂಪಾಯಿಗಳಷ್ಟು. ಮಗಳು ತನ್ನ ಸಂಬಳದಿಂದ ಕೂಡಿಟ್ಟದ್ದಕ್ಕೆ ನಾವು ಒಂದಷ್ಟು ಸೇರಿಸಿದೆವು. ಅಜ್ಜಿಯೂ ತಮ್ಮ ಪಾಲನ್ನು ಬೇರೆಯಾಗಿಯೇ ಕೊಟ್ಟರು. ಅದನ್ನು ಮಗಳು ಬೇರೊಂದು ಖಾತೆಯಲ್ಲಿಟ್ಟು 'ಸೆರಗಿನ ಗಂಟು' ಎಂದು ಹೆಸರಿಟ್ಟಳು. ಆಸ್ಟ್ರೇಲಿಯದಲ್ಲಿ ಕೆಲವು ದೇಶಗಳ ಪ್ರಜೆಗಳಿಗಿರುವಂತೆ ನಮ್ಮವರಿಗೆ ಸರಕಾರಿ ವೈದ್ಯಸೌಲಭ್ಯವಿಲ್ಲವಾದುದರಿಂದ ವರ್ಷವಿಡೀ ಸಲ್ಲುವ ಆರೋಗ್ಯ ವಿಮೆಯನ್ನೂ ಮಾಡಿಸಿದೆವು.

2025ರ ಮಾರ್ಚಿನಲ್ಲಿ ಅವಳು ಹೊರಟಳು. ಬ್ರಿಸ್ಬೇನ್ ನಗರದ ಒಂದು ಉಪಾಹಾರಗೃಹದ ಅಡುಗೆಮನೆಯಲ್ಲಿ ಮೂರು ತಿಂಗಳು ದುಡಿದಳು. ಅಲ್ಲಿಯವರೆಗೆ ಎಲ್ಲವೂ ಸರಾಗ. ಜೂನ್ ಕೊನೆಗೆ ಬಂಡಬರ್ಗಿಗೆ ಹೋದಳು. ಅದಕ್ಕೊಂದು ಕಾರಣವಿತ್ತು. ಗೊತ್ತುಪಡಿಸಿದ ಗ್ರಾಮಾಂತರ ಪ್ರದೇಶಗಳಲ್ಲಿ ಕೃಷಿ ಮುಂತಾದ ಕೆಲಸವನ್ನು ಮೂರು ತಿಂಗಳು ಮಾಡಿದವರಿಗೆ ಎರಡನೆಯ ವರ್ಷದ ವೀಸಾ ಕೇಳುವ ಅರ್ಹತೆ ಬರುತ್ತದೆ, ಆರು ತಿಂಗಳು ಮಾಡಿದರೆ ಮೂರನೆಯದಕ್ಕೂ ಬರುತ್ತದೆ. ಒಡೆಯನ ಹೆಸರಿಲ್ಲದ ಆ ವೀಸಾಕ್ಕೆ ಒಡೆಯನ ನೆರಳು ಬೀಳುವುದು ಇಲ್ಲಿಯೇ. ಎರಡನೆಯ ವರ್ಷದ ಆಸೆ ಹುಟ್ಟಿದಾಕ್ಷಣ, ಈ ಕೆಲಸ ಬಿಟ್ಟರೆ ಕಾಗದ ಸಿಗದೇನೋ ಎಂಬ ಭಯವೂ ಹುಟ್ಟುತ್ತದೆ. ಆ ಭಯವನ್ನು ಬಂಡವಾಳ ಮಾಡಿಕೊಳ್ಳುವವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ.

ಜುಲೈ ತಿಂಗಳ ಒಂದು ಸಂಜೆ, ನಾವು ದೀಪ ಹಚ್ಚುವ ಹೊತ್ತಿಗೆ, ಅವಳ ಫೋನು ಬಂತು. ಅಲ್ಲಿ ರಾತ್ರಿ ಹನ್ನೊಂದು ಗಂಟೆ. ಟೊಮೆಟೊ ಕೊಯ್ಯುವ ಕೆಲಸ. ಕೂಲಿಯಾಳುಗಳನ್ನು ಒದಗಿಸುವ ಗುತ್ತಿಗೆದಾರನೊಬ್ಬ ಕೆಲಸವನ್ನೂ ಮಲಗುವ ಜಾಗವನ್ನೂ ಒಟ್ಟಿಗೇ ಕೊಟ್ಟಿದ್ದ. ಕೂಲಿ ಪೆಟ್ಟಿಗೆಯ ಲೆಕ್ಕದಲ್ಲಿ. ಒಂಬತ್ತು ಗಂಟೆ ಬೆನ್ನು ಬಗ್ಗಿಸಿದರೂ ನಾಲ್ಕು ಗಂಟೆಯ ಕೂಲಿಯಷ್ಟೇ ಕೈಗೆ ಬರುತ್ತಿತ್ತು. ವಾರದ ಬಾಡಿಗೆ ಅದರಲ್ಲೇ ಕಡಿತ. ನಾಲ್ವರ ಕೋಣೆಯಲ್ಲಿ ಆರು ಮಂದಿ. ಹಿಂಬಾಗಿಲಿಗೆ ಅಡ್ಡವಾಗಿ ಮಂಚ ಹಾಕಿದ್ದಾರೆಂದಳು. ಕೇಳಿದವರಿಗೆ, "ಬಿಟ್ಟು ಹೋಗಿ, ಆದರೆ ದಿನಗಳ ಲೆಕ್ಕಕ್ಕೆ ನಾನು ಸಹಿ ಹಾಕುವುದಿಲ್ಲ," ಎಂಬ ಉತ್ತರ.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. "ಮೂರು ತಿಂಗಳು ತಾನೆ ಮಗಳೇ, ಹೇಗಾದರೂ ಸುಧಾರಿಸಿಕೋ. ಅವರ ಮನಸ್ಸು ಕೆಡಿಸಬೇಡ, ಕಾಗದ ಕೆಟ್ಟೀತು," ಎಂದೆವು ನಾವು. ಒಳ್ಳೆಯದನ್ನೇ ಬಯಸಿ ಆಡಿದ ಮಾತು. ಕೊಲ್ಲಿಗೆ ಹೋದ ಗಂಡುಮಕ್ಕಳಿಗೆ ನಮ್ಮ ಸೀಮೆಯ ಎಷ್ಟು ತಂದೆಯರು ಈ ಮಾತನ್ನು ಹೇಳಿದ್ದಾರೋ! ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಯಿತು ಅಪ್ಪಾ, ಮಲಗುತ್ತೇನೆ," ಎಂದು ಫೋನಿಟ್ಟಳು. ಮರುದಿನ ಬೆಳಗ್ಗೆ ಗಂಟುಮೂಟೆ ಕಟ್ಟಿಕೊಂಡು ಅಲ್ಲಿಂದ ಹೊರಬಿದ್ದಳು. ನಮಗೆ ತಿಳಿಸಿದ್ದು ಹೊರಬಿದ್ದ ಮೇಲೆ. ಬೇರೆ ಕೆಲಸ ದೊರೆಯಲು ಹದಿನಾರು ದಿನಗಳು ಹಿಡಿದವು. ಅಷ್ಟು ದಿನವೂ ಅವಳನ್ನು ಸಾಕಿದ್ದು ಅಜ್ಜಿಯ ಗಂಟು.

ಅನಂತರ ಅವಳು ಮಾಡಿದ ಕೆಲಸಗಳನ್ನು ಕ್ರಮವಾಗಿ ಹೇಳುತ್ತೇವೆ. ನಮ್ಮ ತಾಯಿ ತೋಟದ ಆಳುಗಳ ಲೆಕ್ಕವನ್ನು ದಿನವೂ ಪುಸ್ತಕದಲ್ಲಿ ಬರೆದಿಡುವುದನ್ನು ನೋಡಿ ಬೆಳೆದವಳು ಅವಳು. ಬಂಡಬರ್ಗಿನಲ್ಲಿಯೂ ಒಂದು ಸಣ್ಣ ಪುಸ್ತಕದಲ್ಲಿ ಕೆಲಸ ಹಿಡಿದ ಗಂಟೆ, ಬಿಟ್ಟ ಗಂಟೆ, ತುಂಬಿಸಿದ ಪೆಟ್ಟಿಗೆ, ಎಲ್ಲವನ್ನೂ ಕನ್ನಡದಲ್ಲಿ ಬರೆದಿಟ್ಟಿದ್ದಳು. ಆಸ್ಟ್ರೇಲಿಯದಲ್ಲಿ ತೋಟಗಾರಿಕೆಯ ಕೂಲಿಯನ್ನು ಪೆಟ್ಟಿಗೆಯ ಲೆಕ್ಕದಲ್ಲಿ ಕೊಟ್ಟರೂ, ದುಡಿದ ಗಂಟೆಗಳಿಗೆ ಸಲ್ಲುವ ಕನಿಷ್ಠ ಕೂಲಿಗಿಂತ ಅದು ಕಡಿಮೆಯಾಗಕೂಡದೆಂಬ ನಿಯಮ 2022ರ ಏಪ್ರಿಲ್ 28ರಿಂದ ಜಾರಿಯಲ್ಲಿದೆ. 2025ರ ಜುಲೈ 1ರಿಂದ ಅಲ್ಲಿನ ರಾಷ್ಟ್ರೀಯ ಕನಿಷ್ಠ ವೇತನ ಗಂಟೆಗೆ 24 ಡಾಲರು 95 ಸೆಂಟುಗಳು. ಕಾಯಂ ಅಲ್ಲದ ಆಳಿಗೆ ಸಾಮಾನ್ಯವಾಗಿ ಅದರ ಮೇಲೆ ಕಾಲುಪಾಲು ಹೆಚ್ಚು. ಇವುಗಳನ್ನು ನೋಡಿಕೊಳ್ಳಲು 'ಫೇರ್ ವರ್ಕ್ ಒಂಬುಡ್ಸ್‌ಮನ್' ಎಂಬ ಸರಕಾರಿ ಕಚೇರಿಯಿದೆ, ದೂರವಾಣಿ 13 13 94. ಹೆಸರು ಹೇಳದೆಯೂ ಅಲ್ಲಿ ದೂರು ಕೊಡಬಹುದು. ಕ್ವೀನ್ಸ್‌ಲ್ಯಾಂಡ್ ರಾಜ್ಯದಲ್ಲಿ 2018ರಿಂದ ಆಳು ಒದಗಿಸುವ ಗುತ್ತಿಗೆದಾರರು ಪರವಾನಗಿ ಪಡೆದಿರಬೇಕು, ಅವರ ಪಟ್ಟಿಯನ್ನು ಯಾರು ಬೇಕಾದರೂ ನೋಡಬಹುದು. ಅವಳ ಗುತ್ತಿಗೆದಾರನ ಹೆಸರು ಆ ಪಟ್ಟಿಯಲ್ಲಿರಲಿಲ್ಲ. ಮೊದಲೇ ನೋಡಬೇಕಾಗಿತ್ತೆಂದು ಅವಳೇ ಒಪ್ಪಿಕೊಳ್ಳುತ್ತಾಳೆ. ವೀಸಾದ ಭಯವನ್ನು ಮುಂದಿಟ್ಟು ಕೆಲಸಗಾರನನ್ನು ಶೋಷಿಸುವುದು 2024ರ ಜುಲೈ 1ರಿಂದ ಅಪರಾಧವೂ ಆಗಿದೆ. ಸಹಿಯ ಬೆದರಿಕೆಯೂ ಅವಳು ಅಂಜಿದಷ್ಟು ದೊಡ್ಡದಾಗಿರಲಿಲ್ಲ. ಎರಡನೆಯ ವೀಸಾಕ್ಕೆ ನಿಜವಾದ ಬೆಂಬಲ ವೇತನದ ಚೀಟಿಗಳು ಮತ್ತು ಬ್ಯಾಂಕಿನ ಲೆಕ್ಕ. ಚೀಟಿಯಿಲ್ಲದೆ ಕೈಗೆ ನಗದು ಕೊಡುವವನ ಸಹಿಯನ್ನು ನಂಬಿಕೊಂಡಿದ್ದರೆ ಮೂರು ತಿಂಗಳು ದುಡಿದೂ ಬರಿಗೈಯಾಗುತ್ತಿತ್ತು. ಎರಡು ತಿಂಗಳ ಬಳಿಕ ಬಾಕಿಯ ಹೆಚ್ಚಿನ ಪಾಲು ಅವಳಿಗೆ ದೊರೆಯಿತು. ಆಗಸ್ಟಿನಿಂದ ಬೇರೊಂದು ಗೆಣಸಿನ ಹೊಲದಲ್ಲಿ, ಒಳ್ಳೆಯ ರೈತಕುಟುಂಬವೊಂದರ ಬಳಿ, ಅವಳ ಮೂರು ತಿಂಗಳುಗಳು ಸುಖವಾಗಿಯೇ ಪೂರೈಸಿದುವು.

ನಾವು ದಂಪತಿಗಳು ಸಂದರ್ಶಕ ವೀಸಾ ಪಡೆದು ಹೊರಟದ್ದು 2025ರ ನವೆಂಬರಿನಲ್ಲಿ. ಮಂಗಳೂರಿನಿಂದ ಬೆಂಗಳೂರು, ಅಲ್ಲಿಂದ ಸಿಂಗಪುರದ ಮಾರ್ಗವಾಗಿ ಬ್ರಿಸ್ಬೇನ್. ಆ ದೇಶದವರು ತಮ್ಮ ಬೆಳೆಗಳಿಗೆ ಹೊರಗಿನ ರೋಗ ತಗಲದಂತೆ ಬಹಳ ಎಚ್ಚರ ವಹಿಸುತ್ತಾರೆ. ತಂದ ತಿಂಡಿತಿನಿಸುಗಳನ್ನೆಲ್ಲ ಚೀಟಿಯಲ್ಲಿ ಬರೆದು ತೋರಿಸಬೇಕು. ನಾವು ಹಪ್ಪಳ, ಉಪ್ಪಿನಕಾಯಿ, ಹುರಿದ ಸಾಂಬಾರುಪುಡಿ ಎಂದು ಒಂದೂ ಬಿಡದೆ ಬರೆದೆವು. ಅಧಿಕಾರಿಣಿ ನೋಡಿ, ನಕ್ಕು, ಬಿಟ್ಟುಕೊಟ್ಟಳು. ಬಚ್ಚಿಟ್ಟಿದ್ದರೆ ದೊಡ್ಡ ದಂಡ ತೆರಬೇಕಾಗುತ್ತಿತ್ತು.

ಬ್ರಿಸ್ಬೇನಿನಿಂದ ಬಂಡಬರ್ಗಿಗೆ ಉತ್ತರಾಭಿಮುಖವಾಗಿ ರೈಲಿನಲ್ಲಿ ಸುಮಾರು ಐದು ಗಂಟೆಗಳ ಹಾದಿ. ನೀಲಗಿರಿಯ ಕಾಡು ಹಿಂದೆ ಸರಿದಂತೆ ಕಬ್ಬಿನ ಗದ್ದೆಗಳು ತೊಡಗಿದುವು. ಊರು ಬರ್ನೆಟ್ ನದಿಯ ದಂಡೆಯಲ್ಲಿದೆ. ಸಕ್ಕರೆಯ ಗಿರಣಿ, 1888ರಲ್ಲಿ ಸ್ಥಾಪಿತವಾದ ರಮ್ ಭಟ್ಟಿ, ಅಗಲವಾದ ಬೀದಿಗಳು. ಹೊರವಲಯದಲ್ಲಿ ಗೆಣಸು, ಟೊಮೆಟೊ, ಬೆಣ್ಣೆಹಣ್ಣು, ಮೆಕಡೇಮಿಯ ಎಂಬ ಗಟ್ಟಿ ಸಿಪ್ಪೆಯ ಬೀಜದ ತೋಪುಗಳು. ಮಣ್ಣನ್ನು ಕಂಡಾಗ ಮಾತ್ರ ನಮಗೆ ಅಪರಿಚಿತ ದೇಶಕ್ಕೆ ಬಂದೆವೆಂದು ಅನಿಸಲಿಲ್ಲ. ನಮ್ಮ ಮುರಕಲ್ಲಿನ ಗುಡ್ಡಗಳಷ್ಟೇ ಕೆಂಪು. ಹಮ್ಮಕ್ ಎಂಬ ಸಣ್ಣ ಗುಡ್ಡವೊಂದು ಊರಿನ ಪೂರ್ವಕ್ಕಿದೆ. ಆರಿಹೋದ ಜ್ವಾಲಾಮುಖಿಯ ಅವಶೇಷವದು. ಅದು ಉಗುಳಿದ ಶಿಲೆಯೇ ಕರಗಿ ಈ ಮಣ್ಣಾಯಿತಂತೆ.

ಆ ಕೆಂಪು ನೆಲದ ಮೇಲೆ ಕರಿಕಲ್ಲಿನ ಒಂದು ಉದ್ದನೆಯ ಗೋಡೆಯನ್ನು ಮಗಳು ತೋರಿಸಿದಳು. ಸುಣ್ಣವಿಲ್ಲ, ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು ಹೊಂದಿಸಿ ಇಟ್ಟದ್ದು. ನಮ್ಮ ತೋಟಗಳ ಕಟ್ಟೆಯನ್ನೇ ನೋಡಿದಂತಾಯಿತು. ಕಟ್ಟಿದವರು ದಕ್ಷಿಣ ಸಮುದ್ರದ ದ್ವೀಪವಾಸಿಗಳು. 1863ರಿಂದ 1904ರವರೆಗೆ ವನುವಾಟು, ಸೊಲೊಮನ್ ಮೊದಲಾದ ದ್ವೀಪಗಳಿಂದ ಸುಮಾರು 62 ಸಾವಿರ ಮಂದಿಯನ್ನು ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಗದ್ದೆಗಳಿಗೆ ತಂದರು. ಕೆಲವರನ್ನು ಪುಸಲಾಯಿಸಿ, ಕೆಲವರನ್ನು ಅಪಹರಿಸಿ. ಮೂರು ವರ್ಷಗಳ ಕರಾರು, ವರ್ಷಕ್ಕೆ ಆರು ಪೌಂಡು ಕೂಲಿ. ಕಬ್ಬು ನೆಡಲು ಗದ್ದೆಯಿಂದ ಆಯ್ದು ತೆಗೆದ ಕಲ್ಲುಗಳೇ ಈ ಗೋಡೆ. ಹೊಸ ಸಂಯುಕ್ತ ಆಸ್ಟ್ರೇಲಿಯವು 1901ರಲ್ಲಿ ಕಾಯಿದೆ ಮಾಡಿ ಅವರಲ್ಲಿ ಬಹುಮಂದಿಯನ್ನು ಹಿಂದಕ್ಕಟ್ಟಿತು. ಕರೆತರುವಾಗಲೂ ಕೇಳಲಿಲ್ಲ, ಕಳುಹಿಸುವಾಗಲೂ ಕೇಳಲಿಲ್ಲ. ಅದೇ ಕಾಲದಲ್ಲಿ, 1879ರಿಂದ 1916ರವರೆಗೆ, ನಮ್ಮ ದೇಶದ 60 ಸಾವಿರದಷ್ಟು ಜನ ಐದು ವರ್ಷಗಳ ಕರಾರಿಗೆ ಬೆರಳೊತ್ತಿ ಫಿಜಿಯ ಕಬ್ಬಿನ ಗದ್ದೆಗಳಿಗೆ ಹೋದರು. ಆ ಕರಾರನ್ನು ಅವರು 'ಗಿರ್ಮಿಟ್' ಎಂದು ಕರೆದರು. ಅದೇ ಸಕ್ಕರೆ, ಅದೇ ಕಡಲು. ಗೋಡೆಯ ಬಳಿ ನಿಂತಾಗ ಮಗಳ ಆ ಹಳೆಯ ಉತ್ತರ, "ಯಾರದೂ ಅಲ್ಲ, ನನ್ನದೇ," ಎಂಬುದು ನಮಗೆ ಬೇರೆಯಾಗಿ ಕೇಳಿಸಿತು.

ಮರುದಿನ ಚಿಲ್ಡರ್ಸ್ ಎಂಬ ಸಣ್ಣ ಪೇಟೆಗೆ ಹೋದೆವು. ಬಂಡಬರ್ಗಿನಿಂದ ದಕ್ಷಿಣಕ್ಕೆ ಸುಮಾರು ಐವತ್ತು ಕಿಲೋಮೀಟರು. ಹೆದ್ದಾರಿಯ ಇಕ್ಕೆಲಗಳಲ್ಲಿ ಹಳೆಯ ಕಾಲದ ಅಂಗಡಿಸಾಲು, ನೆರಳಿನ ಮರಗಳು. ನಡುವೆ ಎರಡಂತಸ್ತಿನ ಒಂದು ಹಳೆಯ ಕಟ್ಟಡ. ಹಿಂದೆ ಅದು ಪ್ಯಾಲೇಸ್ ಎಂಬ ಹೋಟೆಲಾಗಿತ್ತು, ಆಮೇಲೆ ಹಣ್ಣುತರಕಾರಿ ಕೊಯ್ಯಲು ಬರುವ ತರುಣ ಪ್ರವಾಸಿಗರ ತಂಗುಮನೆಯಾಯಿತು. 2000ದ ಜೂನ್ 23ರ ನಡುರಾತ್ರಿ ಕಳೆದ ಮೇಲೆ ಒಬ್ಬ ದುಷ್ಟನು ಅದಕ್ಕೆ ಬೆಂಕಿ ಹಚ್ಚಿದ. ಎಂಬತ್ತಕ್ಕೂ ಮಿಕ್ಕಿದ ಜನ ಒಳಗಿದ್ದರು. ಹದಿನೈದು ಮಂದಿ ಹೊರಗೆ ಬರಲಿಲ್ಲ. ಬ್ರಿಟನ್, ನೆದರ್ಲೆಂಡ್ಸ್, ಐರ್ಲೆಂಡ್, ಜಪಾನ್, ಕೊರಿಯಗಳ ಮಕ್ಕಳು, ಆಸ್ಟ್ರೇಲಿಯದವರೂ ಇದ್ದರು. ಅಪರಾಧಿಗೆ 2002ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಆದರೆ ಬೆಂಕಿ ಹಚ್ಚಿದವನೊಬ್ಬನೇ ಕಾರಣನಾಗಿರಲಿಲ್ಲ. ಎಚ್ಚರಿಕೆಯ ಗಂಟೆ ಕೆಲಸ ಮಾಡುತ್ತಿರಲಿಲ್ಲ. ಒಂದು ಕೋಣೆಯಲ್ಲಿ ಹೊರಹೋಗುವ ಬಾಗಿಲಿಗೆ ಮಂಚ ಅಡ್ಡವಾಗಿತ್ತು, ಕಿಟಕಿಗೆ ಸರಳುಗಳಿದ್ದುವು. ಈ ದುರಂತದ ಬಳಿಕ ಕ್ವೀನ್ಸ್‌ಲ್ಯಾಂಡ್ ಸರಕಾರ ಅಗ್ಗದ ವಸತಿಗೃಹಗಳ ಅಗ್ನಿಸುರಕ್ಷೆಯ ಕಾಯಿದೆಯನ್ನು ಬಿಗಿಗೊಳಿಸಿತು.

ಕಟ್ಟಡವನ್ನು ಮತ್ತೆ ಕಟ್ಟಿ, ಮಹಡಿಯಲ್ಲಿ ಸ್ಮಾರಕವನ್ನೂ ಚಿತ್ರಶಾಲೆಯನ್ನೂ ಇಟ್ಟಿದ್ದಾರೆ. ಹದಿನೈದು ಮಂದಿಯನ್ನೂ ಒಟ್ಟಿಗೆ ಚಿತ್ರಿಸಿದ ದೊಡ್ಡ ವರ್ಣಚಿತ್ರವೊಂದು ಅಲ್ಲಿದೆ. ಕೆಲಸದ ನಡುವೆ ಹೊಲದಲ್ಲಿ ದಣಿವಾರಿಸಿಕೊಳ್ಳುತ್ತ ಕುಳಿತವರಂತೆ ಅವರು ನಮ್ಮನ್ನು ನೋಡುತ್ತಾರೆ. ನಮ್ಮ ಮನೆಯಾಕೆ ಒಂದೊಂದೇ ಮುಖದ ಮುಂದೆ ನಿಂತು ಬಹಳ ಹೊತ್ತು ನೋಡಿದರು. ಕೊನೆಗೆ ನಮ್ಮ ಕಡೆ ತಿರುಗಿ, "ಹಿಂಬಾಗಿಲಿಗೆ ಮಂಚ ಅಡ್ಡವಿದೆ ಎಂದು ಅವಳು ಆ ರಾತ್ರಿ ಹೇಳಿದ್ದಳಲ್ಲ," ಎಂದರು. ನಾವೇನೂ ಹೇಳಲಿಲ್ಲ. ಸುಧಾರಿಸಿಕೋ ಎಂದು ಹೇಳಿದ ನಾಲಗೆ ನಮ್ಮದೇ ಆಗಿತ್ತು.

ಆ ವರ್ಷದಲ್ಲಿ ಮಗಳು ರೂಢಿಸಿಕೊಂಡ ಕೆಲವು ನೇಮಗಳಿವೆ. ಯಾವ ತಂಗುಮನೆಗೆ ಹೋದರೂ ಪೆಟ್ಟಿಗೆ ಇಳಿಸುವ ಮೊದಲು ಎರಡನೆಯ ಬಾಗಿಲು ಎಲ್ಲಿದೆಯೆಂದು ನೋಡಿ, ಅದು ತೆರೆಯುವುದೇ ಎಂದು ಪರೀಕ್ಷಿಸುತ್ತಾಳೆ. ಪಾಸ್‌ಪೋರ್ಟನ್ನು ತೋರಿಸುತ್ತಾಳೆ, ಯಾರ ಬಳಿಯೂ ಬಿಡುವುದಿಲ್ಲ. ಕೆಲಸದ ಜಾಹೀರಾತು ಹೆಣ್ಣುಮಕ್ಕಳಿಗೆ ಮಾತ್ರ ಎಂದಿದ್ದು ಭಾವಚಿತ್ರ ಕೇಳಿದರೆ ಉತ್ತರ ಬರೆಯುವುದಿಲ್ಲ. ಹೊಸ ಹೊಲಕ್ಕೆ ಹೋಗುವ ಮುನ್ನ ಅದರ ವಿಳಾಸವನ್ನೂ ಕರೆದೊಯ್ಯುವ ವಾಹನದ ಸಂಖ್ಯೆಯನ್ನೂ ಇಬ್ಬರಿಗೆ ಕಳುಹಿಸುತ್ತಾಳೆ, ಒಬ್ಬರು ಅಲ್ಲಿನವರು, ಒಬ್ಬರು ಮನೆಯವರು. ಬಿಸಿಲಿನಲ್ಲಿ ನೀರನ್ನು ಬಾಯಾರುವ ಮೊದಲೇ ಕುಡಿಯುತ್ತಾಳೆ. ಕಡಲಿಗಿಳಿದರೆ ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ. ಕಡಲತಡಿಯಲ್ಲಿ ಹುಟ್ಟಿದ ನಮ್ಮವರಿಗೆ ಈಜಿನ ಜಂಬವಿದ್ದರೂ ಅಲ್ಲಿನ ಒಳಸೆಳೆತ ಬೇರೆ ಬಗೆಯದು. ಪ್ರಾಣಾಪಾಯಕ್ಕೆ 000 ಎಂಬ ಸಂಖ್ಯೆ. ಭಾರತದ ಕಾನ್ಸುಲ್ ಕಚೇರಿಯೊಂದು 2024ರಿಂದ ಬ್ರಿಸ್ಬೇನಿನಲ್ಲಿಯೇ ಇದೆ, ಅದರ ಸಂಖ್ಯೆಯನ್ನು ಕಾಗದದ ಮೇಲೂ ಬರೆದಿಟ್ಟುಕೊಂಡಿದ್ದಾಳೆ. ಇವೆಲ್ಲಕ್ಕೂ ಮೇಲಿನ ನೇಮ ಒಂದೇ: ಯಾವ ಕ್ಷಣದಲ್ಲಿಯೂ ಎದ್ದು ಹೊರಡಲು ಬೇಕಾಗುವಷ್ಟು ಹಣ ಬೇರೆಯೇ ಇರಬೇಕು. ಅದು ತೀರಿದರೆ ಮೊದಲು ಅದನ್ನು ತುಂಬಬೇಕು, ಆಮೇಲೆ ಉಳಿದ ಪ್ರವಾಸ.

ದುಡಿಮೆಯ ಲಾಭದ ವಿಷಯದಲ್ಲಿಯೂ ಭ್ರಮೆ ಬೇಡ. ಇಂಥ ವೀಸಾದವರ ಗಳಿಕೆಯಲ್ಲಿ 45 ಸಾವಿರ ಡಾಲರುಗಳವರೆಗೆ ಮೊದಲ ಡಾಲರಿನಿಂದಲೇ ನೂರಕ್ಕೆ 15ರಂತೆ ತೆರಿಗೆ. ಒಡೆಯನು ಕಟ್ಟುವ ಭವಿಷ್ಯನಿಧಿಯನ್ನು ದೇಶ ಬಿಡುವಾಗ ಹಿಂಪಡೆಯಬಹುದಾದರೂ ಅದರಲ್ಲಿ ನೂರಕ್ಕೆ 65 ತೆರಿಗೆಗೆ ಹೋಗುತ್ತದೆ. ಸಾಲ ಮಾಡಿ ಹೋಗಿ ಗಳಿಸಿ ತೀರಿಸುವೆನೆಂಬವರಿಗೆ ಈ ದಾರಿಯಲ್ಲ. ಸಾಲ ಹೊತ್ತವನಿಗೆ ಕೆಟ್ಟ ಜಾಗದಿಂದ ಎದ್ದು ಹೊರಡುವ ಧೈರ್ಯ ಎಲ್ಲಿಂದ ಬಂದೀತು?

ಚಿಲ್ಡರ್ಸಿನಿಂದ ಮರಳುವ ಬಸ್ಸಿನಲ್ಲಿ ಮಗಳು ಕಿಟಕಿಯ ಹೊರಗೆ ನೋಡುತ್ತಿದ್ದವಳು, ಇದ್ದಕ್ಕಿದ್ದಂತೆ ಕೇಳಿದಳು: "ಅಪ್ಪಾ, ನಮ್ಮ ತೋಟದ ಶೆಡ್ಡಿಗೆ ಎಷ್ಟು ಬಾಗಿಲು?"

ನಮ್ಮ ಸೀಮೆಯ ತೋಟಗಳಲ್ಲಿ ಈಗ ಕೆಲಸ ಮಾಡುವವರಲ್ಲಿ ಅಸ್ಸಾಮ್, ಬಂಗಾಳ, ಒಡಿಶಾಗಳ ಹುಡುಗರೇ ಬಹಳ. ಕೇರಳ ಸರಕಾರ ಅವರನ್ನು ಅತಿಥಿ ಕಾರ್ಮಿಕರೆಂದು ಕರೆಯುತ್ತದೆ. ನಮ್ಮಲ್ಲಿಯೂ ನಾಲ್ವರಿದ್ದಾರೆ. ಅಡಕೆ ಸುಲಿಯುವ ಶೆಡ್ಡಿನ ಒಂದು ಪಾಲಿನಲ್ಲಿ ಅವರ ವಾಸ. ಪಕ್ಕದಲ್ಲಿಯೇ ಒಣಗಿದ ಅಡಕೆ ಸಿಪ್ಪೆಯ ರಾಶಿ. ಬಾಗಿಲು ಒಂದು, ಕಿಟಕಿಯೂ ಒಂದು. ಕಳ್ಳರ ಭಯಕ್ಕೆಂದು ಆ ಕಿಟಕಿಗೆ ಕಬ್ಬಿಣದ ಸರಳು ಹಾಕಿಸಿದವರು ನಾವೇ. ಇಷ್ಟು ವರ್ಷಗಳಲ್ಲಿ ಅದು ನಮ್ಮ ಮನಸ್ಸಿಗೆ ಬಂದಿರಲಿಲ್ಲ. ದೂರದ ಯಾವುದೋ ಊರಿನಲ್ಲಿ, ಇಂಥದೇ ಒಂದು ಸಂಜೆ, ಫೋನಿನ ಈಚೆ ತುದಿಯಲ್ಲಿ ಕುಳಿತು, "ಸುಧಾರಿಸಿಕೋ ಮಗಾ," ಎನ್ನುವ ತಂದೆಯೊಬ್ಬನು ಅವರಿಗೂ ಇದ್ದಾನೆಂಬುದು ಸಹ.

ಎರಡನೆಯ ವರ್ಷದ ಅರ್ಜಿಯ ಕೆಲಸಕ್ಕಾಗಿ ಮಗಳು ಅಲ್ಲಿಯೇ ಉಳಿದಳು. ನಾವು ಡಿಸೆಂಬರಿನ ಮೊದಲ ವಾರದಲ್ಲಿ ಊರು ಸೇರಿದೆವು. ಅಜ್ಜಿ ಕೇಳಿದ ಮೊದಲ ಪ್ರಶ್ನೆ, ಕೊಟ್ಟ ಗಂಟಿನಲ್ಲಿ ಎಷ್ಟು ಉಳಿಯಿತೆಂದು. ಕೆಟ್ಟ ಜಾಗವನ್ನು ಬಿಟ್ಟುಬಂದು ಕುಳಿತ ಹದಿನಾರು ದಿನಗಳಲ್ಲಿ ಹೆಚ್ಚಿನದೂ ಮುಗಿಯಿತೆಂದು, ಬೈಗಳನ್ನು ನಿರೀಕ್ಷಿಸುತ್ತಲೇ ತಿಳಿಸಿದೆವು. ಅವರ ಸುಕ್ಕಿದ ಮುಖ ಅರಳಿತು. "ನನ್ನ ಗಂಟು ಬಿಚ್ಚುವ ಧೈರ್ಯ ನನಗೆ ಒಮ್ಮೆಯೂ ಬರಲಿಲ್ಲ. ಅವಳಿಗೆ ಬಂತಲ್ಲ, ಅಷ್ಟು ಸಾಕು," ಎಂದರು.

ಮರುವಾರ ಮೇಸ್ತ್ರಿ ಬಂದ. ಶೆಡ್ಡಿನ ಹಿಂಗೋಡೆಯ ಮುರಕಲ್ಲನ್ನು ಬಾಗಿಲಿನ ಅಳತೆಗೆ ಕತ್ತರಿಸಿ ತೆಗೆಯುವಾಗ, ಒಳಗೆ ಮಲಗಿದ್ದ ಹುಡುಗರು ಎದ್ದು ಬಂದು, ಇದೇಕೆಂದು ಅರೆಬರೆ ಮಲಯಾಳದಲ್ಲಿ ಕೇಳಿದರು. ಗಾಳಿಗೆ, ಎಂದೆವು. ಸಂಜೆಯ ಹೊತ್ತಿಗೆ ಕೆಂಪು ಪುಡಿಯೆಲ್ಲ ಅಂಗಳದ ತುಂಬ ಹರಡಿತ್ತು. ಕೈಕಾಲು ತೊಳೆದರೂ ಉಗುರಿನ ಸಂದಿಯಲ್ಲಿ ಅದರ ಬಣ್ಣ ಎರಡು ದಿನ ಹಾಗೆಯೇ ಉಳಿದಿತ್ತು.